ಬೀರಲಿಂಗಪ್ಪನ ಜೋಡಿ ಬಾಕ್ಸು

ಬೀರಲಿಂಗಪ್ಪ ಸತ್ತದ್ದು ಒಂದು ಮಂಗಳವಾರ, ಊಟದ ಹೊತ್ತಿನಲ್ಲಿ. ಕೈ ತೊಳೆದು ಬರುತ್ತೇನೆ ಎಂದು ಅಂಗಡಿಯ ಹಿಂದಿನ ನಲ್ಲಿಗೆ ಹೋದವನು ಅಲ್ಲೇ ಕುಸಿದ. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಬೆರಳಿಗೆ ಹತ್ತಿದ ಗೋಂದು ಹಾಗೇ ಇತ್ತು. ವಯಸ್ಸು ಐವತ್ತಾರು.

ಹೆಂಡತಿ ಕಾವೇರಿ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ಆಮೇಲೆ ಆ ಬುತ್ತಿ ಏನಾಯಿತೋ ಅವಳಿಗೆ ಗೊತ್ತಿಲ್ಲ. ಡಬ್ಬಿ ಮಾತ್ರ ತೊಳೆದು ಬಂತು. ಪಕ್ಕದ ಚಹಾದಂಗಡಿಯ ಬಾಬುಸಾಬ ತೊಳೆದಿಟ್ಟಿದ್ದ.

ಬೆಂಗೇರಿಯಲ್ಲಿ ಸಂತೆ ಕೂಡುವ ಜಾಗದಿಂದ ನಾಲ್ಕು ಹೆಜ್ಜೆ ಈಚೆಗೆ ಅವರ ಅಂಗಡಿ. ಒಂದೇ ಶಟರು. ಸ್ಪೀಕರ್ ರಿಪೇರಿ. ಮದುವೆಯವರು, ಮೈಕ್ ಸೆಟ್ಟಿನವರು, ಪ್ರಚಾರದ ಆಟೋದವರು ಸುಟ್ಟ ಸ್ಪೀಕರು ಹೊತ್ತು ತರುತ್ತಿದ್ದರು. ಸ್ಪೀಕರಿನ ಕಾಗದದ ಬಾಯಿಗೆ ಕೋನು ಅನ್ನುತ್ತಾರೆ. ಅದರ ಹಿಂದೆ, ಅಯಸ್ಕಾಂತದ ಸಂದಿಯಲ್ಲಿ, ತಾಮ್ರದ ತಂತಿ ಸುತ್ತಿದ ಸಣ್ಣ ಉರುಳೆ ಇರುತ್ತದೆ. ಅದು ಕಾಯಿಲು. ಕಾಯಿಲು ಸುಟ್ಟರೆ ಸ್ಪೀಕರು ಮೂಕ. ಕೋನು ಕೂಡಿಸುವುದು ಬೀರಲಿಂಗಪ್ಪನ ಕೆಲಸ. ಕಾಯಿಲು ಸುತ್ತುವುದು ಕಾವೇರಿಯ ಕೆಲಸ. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು.

ಮದುವೆಯಾದ ಹೊಸದರಲ್ಲಿ ಮಕ್ಕಳಾಗಲಿಲ್ಲ. ಆಮೇಲೆಯೂ ಆಗಲಿಲ್ಲ. ಮನೆಯಲ್ಲಿ ಗೋಡೆ ನೋಡುತ್ತ ಕೂಡುವವಳನ್ನು ಅವನೇ ಒಂದು ದಿನ ಕರೆದುಕೊಂಡು ಬಂದ.

"ರೊಟ್ಟಿ ತೆಳ್ಳಗ ಬಡೀತಿ. ಇಂಥಾ ಕೈ ಮನ್ಯಾಗ ಇಟ್ಕೊಂಡು ನಾ ಕಾಯಿಲ್ ಸುತ್ತಸಾಕ ಊರ ಮಂದಿ ಹುಡುಕಾಕತ್ತೇನಿ" ಅಂದ.

ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ಅವಳು. ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ. ಎಷ್ಟು ಸುತ್ತು ಅಂದರೆ ಅಷ್ಟೇ ಸುತ್ತು, ಒಂದರ ಮೈಮೇಲೆ ಒಂದು ಹತ್ತದ ಹಾಗೆ.

ಅಂಗಡಿಯ ನಡುವೆ ಒಂದು ಮೇಜು. ರಸ್ತೆಗೆ ಮುಖ ಮಾಡಿ ಅವನು, ರಸ್ತೆಗೆ ಬೆನ್ನು ಮಾಡಿ ಅವಳು. ಬಜಾರಿನಲ್ಲಿ ಹೆಂಗಸು ಹಾದಿಹೋಕರಿಗೆ ಮುಖ ಕೊಟ್ಟು ಕೂಡಬಾರದು ಎಂದು ಅತ್ತೆ ಹಾಕಿದ ಷರತ್ತು ಅದು. ಅತ್ತೆ ಹೋದಳು, ಷರತ್ತು ಉಳಿಯಿತು. ಸುತ್ತುವ ಗಾಣವನ್ನು ಅವಳ ಕಡೆಗೆ ಮೊಳೆ ಹೊಡೆದು ಕೂಡಿಸಿದ್ದ. ಗಾಣ ಅಂದರೆ ಲಟ್ಟಣಿಗೆಯಂಥ ಒಂದು ಕಟ್ಟಿಗೆ ಉರುಳೆ, ಅದಕ್ಕೊಂದು ಹಿಡಿಕೆ. ಬಲಗೈಯಿಂದ ಹಿಡಿಕೆ ಮುಂದಕ್ಕೆ ನೂಕುತ್ತ ಎಡಗೈಯಿಂದ ತಂತಿ ಬಿಡಬೇಕು. ತಲೆ ಎತ್ತಿದರೆ ಎದುರಿಗೆ ಸ್ಟೂಲಿನ ಮೇಲೆ ಅವನು. ಅವಳು ಆ ಅಂಗಡಿಯಲ್ಲಿ ಕಂಡದ್ದು ಅಷ್ಟೇ. ಅಷ್ಟು ಸಾಕಾಗಿತ್ತು.

ಅವನಿಗೆ ಕಿವಿ ಮಂದ. ಹುಡುಗನಿದ್ದಾಗಿನಿಂದ ಮೈಕ್ ಸೆಟ್ಟಿನ ಬುಡದಲ್ಲಿ ಮಲಗಿದವನು. ಎಡಗಿವಿ ಪೂರಾ ಹೋಗಿತ್ತು, ಬಲಗಿವಿ ಅರ್ಧ. ಅಂಗೈಯಿಂದ ಕೇಳುತ್ತಿದ್ದ. ಬಾಕ್ಸಿನ ಮೈಗೆ ಕೈ ಆನಿಸಿ ಕಣ್ಣು ಮುಚ್ಚಿದನೆಂದರೆ ಮಾತಾಡಿಸುವ ಹಾಗಿಲ್ಲ. ರಿಪೇರಿ ಮುಗಿದ ಸ್ಪೀಕರನ್ನು ಅಂಗಾತ ಮಲಗಿಸಿ ಕೋನಿನಲ್ಲಿ ಒಂದು ಹಿಡಿ ಬಿಳಿಜೋಳ ಹಾಕಿ ಹಾಡು ಹಚ್ಚುತ್ತಿದ್ದ. ಕಾಳು ನಡುವೆ ನಿಂತು ಕುಣಿದರೆ ಕಾಯಿಲು ನೆಟ್ಟಗೆ ಕೂತಿದೆ. ಒಂದು ಮಗ್ಗುಲಿಗೆ ಜಾರಿದರೆ ಎಲ್ಲೋ ಉಜ್ಜುತ್ತಿದೆ, ಮತ್ತೆ ಬಿಚ್ಚಬೇಕು.

ಇಂಥವನ ಬಳಿಗೆ ಆರು ವರ್ಷದ ಹಿಂದೆ ಕೇದಾರ ಬಂದ.

ಕೇದಾರ ಧಾರವಾಡದ ಮಾಳಮಡ್ಡಿಯವನು. ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ಮನೆಯಲ್ಲಿ ಮೂರು ತಲೆಮಾರಿನ ಸಂಗೀತ. ತಾಯಿ ತಾರಾಬಾಯಿ ಇವತ್ತಿಗೂ ಮುಂಜಾನೆ ತಂಬೂರಿ ಹಿಡಿದು ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಇವನು ಮಾತ್ರ ಕಂಪ್ಯೂಟರಿನ ಮುಂದೆ ಕೂತು ಬೇರೆಯದನ್ನೇ ಕಟ್ಟುತ್ತಿದ್ದ. ಅವನೇ ಬಂದು ಹೇಳಿದ್ದು.

"ನಮ್ಮವ್ವ ಏನಂತಾಳ ಗೊತ್ತದ ಏನ್ರಿ ಕಾಕಾ? ಮೂರು ತಲಿ ತಂಬೂರಿ ಬಾರಿಸಿದ ಮನ್ಯಾಗ ಇವ ಹೊಲಿಗಿ ಮಷಿನ್ ಹಚ್ಚ್ಯಾನ ಅಂತಾಳ."

"ಅದೇನ್ ಹಾಡಪಾ ಅದು?"

"ಡೀಪ್ ಹೌಸ್ ಅಂತಾರ್ರಿ. ಕುಣಿಯೋ ಹಾಡ. ಆದ್ರ ಗದ್ದಲ ಇರೂದಿಲ್ಲ. ನೆಲದ ಕೆಳಗಿಂದ ಬಂಧಂಗ ಬರ್ತದ. ಡೀಪ್ ಅಂದ್ರ ಆಳ, ಹೌಸ್ ಅಂದ್ರ ಮನಿ."

ಬೀರಲಿಂಗಪ್ಪ ಗೋಂದಿನ ಕಡ್ಡಿ ಕೆಳಗಿಟ್ಟ.

"ನೆಲದ ಕೆಳಗ ಆಳದಾಗ ಮನಿ. ಹಂಗಾರ ಹಗೇವು ಅನ್ನು!"

ಹಗೇವು ಅಂದರೆ ಜೋಳ ತುಂಬಿಡುವ ನೆಲದ ಕೆಳಗಿನ ಕಣಜ. ಕೇದಾರನಿಗೆ ನಗು ತಡೆಯಲಿಲ್ಲ. ಅವತ್ತಿನಿಂದ ಆ ಅಂಗಡಿಯಲ್ಲಿ ಅದಕ್ಕೆ ಹಗೇವಿನ ಹಾಡು ಎಂದೇ ಹೆಸರು.

ಅವತ್ತು ಕೇದಾರ ಬಂದದ್ದು ಸುಟ್ಟ ಸ್ಪೀಕರು ಹೊತ್ತುಕೊಂಡು, ಹುಳ್ಳಗಿನ ಮುಖ ಮಾಡಿಕೊಂಡು. ತಾನು ಕಟ್ಟಿದ ಹಾಡನ್ನು ಪೋರ್ಚುಗಲ್ ದೇಶದ ಒಂದು ಕಂಪನಿಗೆ ಕಳಿಸಿದ್ದ. ತಳ, ಅಂದರೆ ಹಾಡಿನ ಕೆಳದನಿ, ಕಲಸಿಹೋಗಿದೆ ಎಂದು ಅವರು ವಾಪಸು ಹಾಕಿದ್ದರು. ಬೀರಲಿಂಗಪ್ಪ ಅದನ್ನು ಅಂಗಡಿಯಲ್ಲಿ ಇಟ್ಟುಕೊಂಡಿದ್ದ ತನ್ನ ಜೋಡಿ ಸ್ಪೀಕರ್ ಬಾಕ್ಸಿಗೆ ಹಚ್ಚಿಸಿ, ಎರಡಕ್ಕೂ ಒಂದೊಂದು ಅಂಗೈ ಆನಿಸಿ ಕೂತ.

"ಹೊಟ್ಟಿ ಉಬ್ಬೇತಿ ತಮ್ಮಾ. ಹಳಸಿದ ಅನ್ನ ಉಂಡಾರಂಗ. ಇಲ್ಲಿ ಎರಡು ಸಾಮಾನು ಒಂದ ಕಡೆ ಜಗ್ಗ್ಯಾಡಾಕತ್ತಾವು. ಒಂದನ್ನ ತಗಿ."

ಕೇದಾರ ಒಂದನ್ನು ತೆಗೆದ. ಹಾಡು ಪಾಸಾಯಿತು. ಆಮೇಲೆ ಅವನು ಕಟ್ಟಿದ ಒಂದೇ ಒಂದು ಹಾಡೂ ಬೆಂಗೇರಿಯ ಅಂಗೈ ತಾಕದೆ ಹೊರಗೆ ಹೋಗಲಿಲ್ಲ.

ಈ ಹಾಡುಗಳನ್ನು ಹೊರಡಿಸುವವರು ದೊಡ್ಡ ಮಂದಿಯಲ್ಲ. ಇಬ್ಬರು ಮೂವರು ಕೂಡಿ ನಡೆಸುವ ಕಂಪನಿಗಳು. ಪೋರ್ಚುಗಲ್‌ನದು ಒಂದು ಬ್ರೆಡ್ಡಿನ ಅಂಗಡಿಯ ಮೇಲಿನ ಕೋಣೆಯಲ್ಲಿ, ಇನ್ನೊಂದು ಪೋಲಂಡಿನಲ್ಲಿ, ಮತ್ತೊಂದು ಪುಣೆಯಲ್ಲಿ. ಹೊಸ ಹಾಡು ಬರುವುದು ಶುಕ್ರವಾರ. ಶುಕ್ರವಾರ ಸಂಜೆ ಐದಕ್ಕೆ ಕೇದಾರ ಧಾರವಾಡದಿಂದ ಬಂದು, ಆ ವಾರ ಹೊರಟ ಹೊಸ ಹಾಡುಗಳನ್ನು ಒಂದೊಂದಾಗಿ ಹಚ್ಚುತ್ತಿದ್ದ. ಬೀರಲಿಂಗಪ್ಪ ತೀರ್ಪು ಕೊಡುತ್ತಿದ್ದ. ಇದು ಛಲೋ ಐತಿ. ಇದಕ್ಕ ತಲಿ ಐತಿ, ಕಾಲಿಲ್ಲ. ಇದನ್ನ ಮಾಡಿದಾಂವಗ ಯಾರೋ ಬಿಟ್ಟು ಹೋಗ್ಯಾರ, ಪಾಪ.

ಕೇದಾರ ಮೊಬೈಲಿನಲ್ಲಿ ಓದಿ ನೋಡುತ್ತಿದ್ದ. ಒಮ್ಮೆ ಅದು ಖರೇ ಆಗಿತ್ತು. ಪೋಲಂಡಿನ ಆ ಮನುಷ್ಯ ತಾಯಿ ಸತ್ತ ವರ್ಷ ಕಟ್ಟಿದ ಹಾಡಂತೆ.

"ಅಷ್ಟು ಸಣ್ಣ ಕಂಪನಿ ಹೆಂಗ ನಡಸ್ತಾರೋ ಕಾಕಾ" ಅಂತ ಕೇದಾರ ಅಂದರೆ ಬೀರಲಿಂಗಪ್ಪ ತನ್ನ ಶಟರಿನ ಕಡೆಗೆ ಕೈ ಮಾಡುತ್ತಿದ್ದ. "ನಾವು ಹೆಂಗ ನಡಸಾಕತ್ತೇವಿ? ಅಂಗಡಿ ಸಣ್ಣದಿದ್ರ ಮಾಡಿದಾವನ ಕೈ ಕಾಣತೈತಿ."

ಕಾವೇರಿ ಬೆನ್ನು ರಸ್ತೆಗೆ ಕೊಟ್ಟು ಕಾಯಿಲು ಸುತ್ತುತ್ತ ಎಲ್ಲ ಕೇಳುತ್ತಿದ್ದಳು. ಹೇಗಿದೆ ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಯಾವ ಹಾಡಿಗೆ ಅವನು ಕಣ್ಣು ಮುಚ್ಚುತ್ತಾನೆ ಎಂದು ಹಾಡು ಶುರುವಾಗುತ್ತಲೇ ಅವಳಿಗೆ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಬಾಬುಸಾಬನ ತಗಡಿನ ಹಲಗೆಯ ಮೇಲೆ ಬೋರಲು ಹಾಕಿದ ಚಹಾದ ಗ್ಲಾಸುಗಳು ಕಿಣಿಕಿಣಿ ಅನ್ನುತ್ತಿದ್ದವು.

"ಬೀರಪ್ಪಣ್ಣಾ, ನನ್ನ ಗ್ಲಾಸಿಗೆ ಲಗ್ನ ಹಚ್ಚೀರೇನು?" ಅಂತ ಬಾಬುಸಾಬ ಕೂಗುತ್ತಿದ್ದ. ಬೈಗುಳದ ಹಾಗೆ ಕೂಗುತ್ತಿದ್ದ. ಶುಕ್ರವಾರ ಅವರು ಹಾಡು ಹಚ್ಚುವುದು ತಡವಾದರೆ ಬಂದು ಇಣುಕುವವನೂ ಅವನೇ.

ಇಂಥ ಅಂಗಡಿ ಅದು. ಇಂಥ ಮನುಷ್ಯ. ಸತ್ತ.

ದಿವಸದ ಕಾರ್ಯ ಮುಗಿಯಿತು. ಎರಡು ತಿಂಗಳು ಶಟರು ಎತ್ತಲಿಲ್ಲ. ಬೈರಿದೇವರಕೊಪ್ಪದಲ್ಲಿರುವ ಮೈದುನ ಸಿದ್ಧಾರೂಢ ಬಂದು ಕೂತ. ಕೆಟ್ಟವನಲ್ಲ. ಅಣ್ಣನ ಹೆಣ ಹೊತ್ತಾಗ ಹೆಗಲು ಬದಲಿಸದವನು.

"ಅತ್ತಿಗಿ, ಅಂಗಡಿ ನನಗ ಬಿಡ್ರಿ. ಮೊಬೈಲ್ ಸಾಮಾನು ಇಡ್ತೇನಿ. ನೀವು ನಮ್ಮನಿಗೆ ಬಂದುಬಿಡ್ರಿ. ಅಣ್ಣ ಇಲ್ಲದ ಅಂಗಡ್ಯಾಗ ನೀವೊಬ್ಬಾಕಿ ಏನ್ ಮಾಡ್ತೀರಿ?"

"ಕಾಯಿಲ್ ಸುತ್ತತೇನಿ."

"ಕಾಯಿಲ್ ಸುತ್ತಿದ್ರ ಆತೇನು? ಕೋನ್ ಕೂಡಸಾವ್ರ ಯಾರು?"

ಅವನು ಹೇಳಿದ್ದು ಖರೇ ಇತ್ತು. ಶನಿವಾರ ಸಂತೆಗೆ ಬಂದಾಗ ಕೀಲಿ ಕೊಡುತ್ತೇನೆ ಅಂದಳು.

ಮೈದುನ ಬಂದುಹೋದ ದಿನವೇ, ಮಂಗಳವಾರ, ಕೇದಾರ ಫೋನು ಮಾಡಿದ.

"ಕಾಕೂ, ಕೇಳೂದು ತಪ್ಪಾಗ್ತದ. ಆದ್ರೂ ಕೇಳ್ತೇನಿ. ಹೊಸಾ ಹಾಡ ಮುಗದದ. ಪೋರ್ಚುಗಲ್‌ನವರು ಹೂಂ ಅಂದಾರ. ಈ ಸಲ ಹಳೇ ಗ್ರಾಮೋಫೋನಿನಂಥಾ ಕರೀ ತಟ್ಟಿ ಒತ್ತಸ್ತಾರಂತ. ಶುಕ್ರವಾರ ಸಂಜೀಕ ಕಳಸಬೇಕು. ಕಾಕಾನ ಬಾಕ್ಸಿನ ಮ್ಯಾಲ ಒಮ್ಮೆ ಕೇಳಿ ಕಳಸ್ಲೇನ್ರಿ?"

"ಬಾಕ್ಸ್ ಕೆಟ್ಟೇತಲ್ಲಪಾ."

ಜೋಡಿ ಬಾಕ್ಸಿನಲ್ಲಿ ಒಂದರ ಕಾಯಿಲು ಸುಟ್ಟಿತ್ತು. ಸಾಯುವ ದಿನ ಬೀರಲಿಂಗಪ್ಪ ಅದನ್ನೇ ಬಿಚ್ಚಿದ್ದ. ಹಳೆಯ ಕೋನು ಕೊಯ್ದು ತೆಗೆದು, ಸಂದಿ ಒರೆಸಿ, ಗೋಂದು ಹಚ್ಚಲು ಶುರು ಮಾಡಿ ಊಟಕ್ಕೆ ಎದ್ದಿದ್ದ. ಆ ಬಾಕ್ಸು ಹಾಗೇ ಬಾಯಿ ತೆರೆದುಕೊಂಡು ಬಿದ್ದಿತ್ತು.

"ಹೌದ್ರಿ, ಮರ್ತಿದ್ದೆ. ಇರ್ಲಿ ಬಿಡ್ರಿ ಕಾಕೂ" ಅಂದ ಕೇದಾರ. ಮೂಗು ಎಳೆದುಕೊಂಡ ಸಪ್ಪಳ ಬಂತು. ಅವನು ಅಳುತ್ತಿದ್ದಾನೆ ಎಂದು ಗೊತ್ತಾಗಿ ಕಾವೇರಿ ಫೋನು ಇಟ್ಟಳು.

ಬುಧವಾರ ಬೆಳಿಗ್ಗೆ ಅವಳು ಹೋಗಿ ಶಟರು ಎತ್ತಿದಳು. ಬಾಬುಸಾಬ ಓಡಿ ಬಂದು ಇನ್ನೊಂದು ಕಡೆ ಕೈ ಹಚ್ಚಿದ. ಚಹಾ ತಂದಿಟ್ಟು ಹೋದ.

ಅವಳು ಮನಸ್ಸಿನಲ್ಲಿ ಒಂದು ಮಾತು ಕಟ್ಟಿಕೊಂಡಿದ್ದಳು. ಈ ಬಾಕ್ಸು ಮಾತಾಡಿದರೆ ಅಂಗಡಿ ನನ್ನದು. ಮಾತಾಡದಿದ್ದರೆ ಶನಿವಾರ ಕೀಲಿ ಕೊಟ್ಟು ಬೈರಿದೇವರಕೊಪ್ಪಕ್ಕೆ ಹೋಗಿ ಇನ್ನೊಬ್ಬರ ಮನೆಯ ರೊಟ್ಟಿ ಬಡಿಯುವುದು. ಯಾರಿಗೂ ಹೇಳಲಿಲ್ಲ.

ಮೇಜಿನ ಮುಂದೆ ತನ್ನ ಜಾಗದಲ್ಲಿ ಕೂತಳು. ತಲೆ ಎತ್ತಿದಳು. ಎದುರಿಗೆ ಸ್ಟೂಲು ಖಾಲಿ. ಸೀಟಿನ ರೆಕ್ಸಿನ್ನು ಅವನು ಕೂತು ಕೂತು ಒಂದು ಕಡೆ ಹರಿದಿತ್ತು. ಹಿಡಿಕೆ ಹಿಡಿದಳು, ಬಿಟ್ಟಳು. ಮತ್ತೆ ಹಿಡಿದಳು. ಆಗಲಿಲ್ಲ. ಎದ್ದು ಮೇಜಿನ ಆಚೆ ಹೋಗಿ ಆ ಸ್ಟೂಲಿನ ಮೇಲೆ ತಾನೇ ಕೂತಳು. ಅದರ ಮೇಲೆ ಕೂತರೆ ಅದು ಖಾಲಿ ಕಾಣುವುದಿಲ್ಲ.

ರಸ್ತೆ ಕಂಡಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ಆ ಅಂಗಡಿಯ ಒಳಗಿಂದ ರಸ್ತೆ ನೋಡಿದಳು. ಹಾಲಿನ ಗಾಡಿ, ಸಾಲಿ ಹುಡುಗಿಯರು, ಎದುರಿಗಿನ ಟೇಲರನ ಬೋರ್ಡು. ಅವನು ದಿನವೂ ಇದನ್ನು ನೋಡುತ್ತಿದ್ದ. ಅವಳನ್ನೂ.

ಗಾಣದ ಹಿಡಿಕೆ ಆಚೆ ಕಡೆಯಿಂದ ಎಡಗೈಗೆ ಬಂತು. ಇರಲಿ ಎಂದು ಎಡಗೈಯಿಂದಲೇ ಮುಂದಕ್ಕೆ ನೂಕಿ ನೂಕಿ ಸುತ್ತಿದಳು. ನಿಧಾನ ಆಯಿತು. ಆದರೆ ಸುತ್ತು ತಪ್ಪಲಿಲ್ಲ, ಒಂದರ ಮೈಮೇಲೆ ಒಂದು ಹತ್ತಲಿಲ್ಲ.

ಕೋನು ಕೂಡಿಸುವುದು ಅವಳು ಕೈಯಿಂದ ಮಾಡಿರಲಿಲ್ಲ. ಕಣ್ಣಿನಿಂದ ಸಾವಿರ ಸಲ ಮಾಡಿದ್ದಳು. ಹಳೆಯ ಎಕ್ಸ್‌ರೇ ಹಾಳೆಯನ್ನು ಬೆರಳುದ್ದ ಪಟ್ಟಿ ಕತ್ತರಿಸಿ ಕಾಯಿಲಿನ ಒಳಗೆ ಸುತ್ತಲೂ ತುರುಕಿ, ಸಂದಿಯಲ್ಲಿ ಅದು ಎಲ್ಲೂ ತಾಕದಂತೆ ನಿಲ್ಲಿಸಿದಳು. ಗೋಂದು ಹಚ್ಚಿ ಕೋನು ಇಳಿಸಿದಳು. ಒತ್ತಿ ಇಟ್ಟು ಒಣಗಲು ಬಿಟ್ಟಳು. ಗುರುವಾರ ಮಧ್ಯಾಹ್ನ ಪಟ್ಟಿ ಎಳೆದು ತೆಗೆದಳು. ಅಂಗಾತ ಮಲಗಿಸಿ, ಮನೆಯಿಂದ ಸೆರಗಿನಲ್ಲಿ ಕಟ್ಟಿ ತಂದ ಬಿಳಿಜೋಳ ಹಾಕಿ, ಅವನು ಹಚ್ಚುತ್ತಿದ್ದ ಹಳೆಯ ಕ್ಯಾಸೆಟ್ಟೇ ಹಚ್ಚಿದಳು.

ಕಾಳು ನಟ್ಟನಡುವೆ ನಿಂತು ಕುಣಿದವು.

ಅವಳು ಕಾಳನ್ನು ಒಂದೂ ಬಿಡದೆ ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಕೇದಾರನಿಗೆ ಫೋನು ಮಾಡಿ, "ನಾಳಿ ಐದಕ್ಕ ಬಾ" ಅಂದಳು. ಅಷ್ಟೇ.

ಶುಕ್ರವಾರ ಐದಕ್ಕೆ ಕೇದಾರ ಬಂದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ. ಯಾವತ್ತೂ ಬಿಟ್ಟವನಲ್ಲ.

"ಕಾಕೂ, ಕೋನ್ ಕೂಡಿಸಿದವರು ಯಾರು?"

"ನಾನ."

ಅವನು ಬಾಗಿ ಬಾಕ್ಸು ನೋಡಿದ. ಬೆರಳಿನಿಂದ ಅಂಚು ಸವರಿದ. "ಕಾಕಾ ಮಾಡಿಧಂಗನ ಅದ" ಅಂದ.

"ಹೊಗಳೂದು ಆಮ್ಯಾಲ. ಹಚ್ಚು ಮೊದಲ."

ಎರಡೂ ಬಾಕ್ಸನ್ನು ಮಗ್ಗುಲು ಮಗ್ಗುಲಿಗೆ ಇಟ್ಟು ಹಾಡು ಹಚ್ಚಿದ. ಮೇಲಿನ ಸಪ್ಪಳ ಬಂತು. ಸಣ್ಣ ಗಂಟೆಯಂಥದ್ದು ಬಂತು. ಯಾರೋ ಉಸಿರು ಎಳೆದ ಹಾಗೆ ಒಂದು ದನಿ ಬಂತು. ತಳ ಬರಲಿಲ್ಲ. ಹಗೇವಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಕಾಳೇ ಇಲ್ಲದ ಹಾಗಾಯಿತು. ಕೇದಾರ ದನಿ ಏರಿಸಿದ. ಮೇಲಿನದು ಕಿವಿ ಕೊರೆಯಿತು. ತಳ ಬರಲೇ ಇಲ್ಲ.

ಬಾಬುಸಾಬ ಬಂದು ಇಣುಕಿದ. "ಏನ್ರಿ ಕಾವೇರವ್ವ, ಹಾಡು ಹಚ್ಚೀರೊ ಇಲ್ಲೊ? ಇವತ್ತ ನನ್ನ ಗ್ಲಾಸ್ ಸುಮ್ಮ ಕುಂತಾವು."

ಕೇದಾರ ಹಾಡು ನಿಲ್ಲಿಸಿದ.

"ತಪ್ಪು ನಂದ ಅದರಿ ಕಾಕೂ. ಕಾಕಾ ಹೋದ ಮ್ಯಾಲ ಒಬ್ಬನ ಕೂತು ಮಾಡಿದ್ದು. ಹೆಡ್‌ಫೋನಿನಾಗ ಛಲೋ ಕೇಳಸ್ತಿತ್ತು. ಕೆಳಗಿಂದು ಹಾಳ ಮಾಡೇನಿ. ಇದನ್ನ ಕಳಸೂದಿಲ್ಲ. ಇವತ್ತ ಅವರಿಗೆ ಬ್ಯಾಡಂತ ಬರೀತೇನಿ."

ಅವನು ಖರೇವಂದ್ರೂ ಹಾಗೇ ನಂಬಿದ್ದ. ಬೀರಲಿಂಗಪ್ಪನ ಮೇಜಿನಿಂದ ಎದ್ದುಬಂದ ಬಾಕ್ಸು ತಪ್ಪಬಹುದು ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಮೊಬೈಲು ತೆಗೆದು ಬರೆಯಲು ಶುರು ಮಾಡಿದ.

ಅಷ್ಟರಲ್ಲಿ ಬಾಗಿಲಿಗೆ ಸಿದ್ಧಾರೂಢ ಬಂದು ನಿಂತ. ಬೆಂಗೇರಿಗೆ ಬೇರೆ ಕೆಲಸಕ್ಕೆ ಬಂದವನು ಶಟರು ಎತ್ತಿದ್ದು ನೋಡಿ ಗಾಡಿ ನಿಲ್ಲಿಸಿದ್ದ. "ಏನ್ ಅತ್ತಿಗಿ, ಅಂಗಡಿ ಸ್ವಚ್ಛ ಮಾಡಾಕತ್ತೀರೇನು? ನಾಳಿ ನಾನ ಮಂದಿ ಕರಕೊಂಡ ಬರ್ತಿದ್ನೆಲ್ಲ."

ಕಾವೇರಿ ತಡಿ ಎಂದು ಅವನಿಗೆ ಕೈ ಮಾಡಿದಳು. ಕೇದಾರನ ಕಡೆ ತಿರುಗಿದಳು.

"ಬರೀಬ್ಯಾಡ. ಹಳೇದೊಂದು ಹಚ್ಚು. ಅವರು ಕಣ್ಣು ಮುಚ್ಚತಿದ್ರಲ್ಲ, ಆ ಪೋಲಂಡಿಂದು."

ಗಂಡನ ಹೆಸರು ಅವಳು ಹೇಳುತ್ತಿರಲಿಲ್ಲ. ಇದ್ದಾಗಲೂ ಹೇಳಿರಲಿಲ್ಲ.

ಕೇದಾರ ಆ ಹಾಡು ಹಚ್ಚಿದ. ಅದಕ್ಕೂ ತಳ ಇಲ್ಲ. ಬೀರಲಿಂಗಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ ಹಾಡು ಸಂತೆಯಲ್ಲಿ ಮಾರುವ ಪೀಪಿಯ ಹಾಗೆ ಕೇಳಿಸಿತು.

"ನೋಡು ಮತ್ತ" ಅಂದಳು. "ತಪ್ಪು ನಿನ್ನ ಹಾಡಿಂದಲ್ಲ. ನಂದು."

ಸಿದ್ಧಾರೂಢ ಬಾಗಿಲಲ್ಲೇ ನಿಂತು ಕೇಳುತ್ತಿದ್ದ. ಅವಳು ಸುಮ್ಮನಿದ್ದಿದ್ದರೆ ತಪ್ಪು ಹಾಡಿನ ಮೇಲೆ ಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಾಡು ಕಟ್ಟಿದವನು ಅವಳ ಗಂಡನಿಗಾಗಿ ಅತ್ತವನು. ಅವನ ಹಾಡು ತನ್ನಿಂದ ಸಾಯಬಾರದು.

ಒಂದು ಬಾಕ್ಸಿನ ತಂತಿ ತೆಗೆಸಿದಳು. ಉಳಿದದ್ದು ಗುಡುಗಿತು. ಅದನ್ನು ತೆಗೆಸಿ ಇನ್ನೊಂದನ್ನು ಹಚ್ಚಿಸಿದಳು. ಅದೂ ಗುಡುಗಿತು. ಬೇರೆ ಬೇರೆ ಹಚ್ಚಿದರೆ ಎರಡೂ ಛಲೋ. ಕೂಡಿಸಿ ಹಚ್ಚಿದರೆ ತಳ ಮಾಯ.

"ಇದೇನ ಭಾನಾಮತಿ ಐತಿ" ಅಂದ ಬಾಬುಸಾಬ.

ಕಾವೇರಿ ಎರಡು ಬಾಕ್ಸಿನ ನಡುವೆ ಮಂಡಿಯೂರಿ, ಗಂಡ ಆನಿಸುತ್ತಿದ್ದ ಹಾಗೇ ಎರಡಕ್ಕೂ ಅಂಗೈ ಆನಿಸಿದಳು. ಮದುವೆಯ ಹಂಗಾಮಿನಲ್ಲಿ ಜೋಡಿ ಸ್ಪೀಕರು ಬಂದಾಗೆಲ್ಲ ಅವನು ಒಂದು ಮಾತು ಹೇಳುತ್ತಿದ್ದ. ಗಿರಾಕಿಗೆ ಹೇಳುತ್ತಿದ್ದ, ಅವಳಿಗಲ್ಲ. "ಜೋಡಿ ಅಂದಮ್ಯಾಲ ಎರಡೂ ಒಮ್ಮೆ ಉಸುರ ತಗೋಬೇಕ್ರಿ, ಒಮ್ಮೆ ಬಿಡಬೇಕು. ಒಂದು ತಗೊಂಡಾಗ ಒಂದು ಬಿಟ್ರ, ಇದರ ಗಾಳಿ ಅದು ನುಂಗತೈತಿ." ಆ ಮಾತಿನ ಹಿಂದೆ ಗೋಡೆಯ ಗಡಿಯಾರದ ಸೆಲ್ಲು ತೆಗೆದು ಸ್ಪೀಕರಿಗೆ ಮುಟ್ಟಿಸುತ್ತಿದ್ದ. ಯಾಕೆ ಮುಟ್ಟಿಸುತ್ತಾನೆ ಎಂದು ಅವಳು ಕೇಳಿರಲಿಲ್ಲ. ಗಡಿಯಾರ ಹತ್ತು ನಿಮಿಷ ಹಿಂದೆ ಬಿತ್ತಲ್ಲ ಎಂದು ಸಿಟ್ಟಾಗುತ್ತಿದ್ದಳು.

ಎದ್ದು ಗಡಿಯಾರ ಇಳಿಸಿದಳು. ಸೆಲ್ಲು ತೆಗೆದಳು. ಅವನು ಮಾಡಿದ ಬಾಕ್ಸಿನ ಹಿಂದೆ ತಂತಿ ಸಿಗಿಸುವ ಕೆಂಪು ಕಾಲಿಗೆ ಸೆಲ್ಲಿನ ತಲೆ, ಕರಿ ಕಾಲಿಗೆ ಬುಡ ಬರುವಂತೆ ತುಂಡು ತಂತಿ ಮುಟ್ಟಿಸಿದಳು. ಟಪ್ ಎಂದು ಕೋನು ಮುಂದಕ್ಕೆ ಬಂತು. ತಾನು ಮಾಡಿದ ಬಾಕ್ಸಿಗೆ ಹಾಗೇ ಮುಟ್ಟಿಸಿದಳು.

ಕೋನು ಒಳಕ್ಕೆ ಹೋಯಿತು.

ಮತ್ತೊಮ್ಮೆ ಮುಟ್ಟಿಸಿದಳು. ಒಳಕ್ಕೇ ಹೋಯಿತು.

ಅವಳು ತಿರುಗಿ ಮೇಜು ನೋಡಿದಳು. ಗಾಣ ನೋಡಿದಳು. ಸ್ಟೂಲು ನೋಡಿದಳು. ಆಚೆ ಕೂತು ಮುಂದಕ್ಕೆ ನೂಕಿದ್ದು ಈಚೆ ಕೂತವರಿಗೆ ಹಿಂದಕ್ಕೆ. ಬುಧವಾರ ಅವಳು ಕಾಯಿಲು ಪೂರಾ ಉಲ್ಟಾ ಸುತ್ತಿದ್ದಳು. ಜೋಳದ ಕಾಳಿಗೆ ಕುಣಿಯುವುದಷ್ಟೇ ಗೊತ್ತು. ಉಲ್ಟಾ ಸುಲ್ಟಾ ಅವಕ್ಕೆ ತಿಳಿಯುವುದಿಲ್ಲ.

"ಅವರ ಸ್ಟೂಲಿನ ಮ್ಯಾಲ ಕುಂತಿದ್ದೆ" ಅಂದಳು. "ಖಾಲಿ ನೋಡಾಕ ಆಗಲಿಲ್ಲ. ಹೋಗಿ ಕುಂತುಬಿಟ್ಟೆ. ಎಲ್ಲಾ ತಿರಗಾಮುರಗಾ ಆತು."

ಕೇದಾರ ತಲೆಗೆ ಕೈ ಹೊಡೆದುಕೊಂಡ. "ಅಯ್ಯ, ನಾ ಎಂಥಾ ಮಬ್ಬ ಇದ್ದೇನ್ರಿ! ಇಷ್ಟ ಆದ್ರ ತಂತಿ ಅದಲಬದಲ ಮಾಡಿದ್ರ ಮುಗೀತಲ್ಲ!"

"ಮುಗೀತು. ಅತ್ತಾಗ ಸರಿ."

ಅವಳೇ ಮಾಡಿದಳು. ತನ್ನ ಬಾಕ್ಸಿನ ಕೆಂಪು ತಂತಿ ಬಿಚ್ಚಿ ಕರಿಯ ಜಾಗಕ್ಕೆ, ಕರಿಯದು ಕೆಂಪಿನ ಜಾಗಕ್ಕೆ. ಮರೆಯಬಾರದೆಂದು ಬಾಕ್ಸಿನ ಬೆನ್ನಿಗೆ ಸುಣ್ಣದಿಂದ ಒಂದು ಬೊಟ್ಟು ಇಟ್ಟಳು. "ಈಗ ನಿಂದು ಹಚ್ಚು" ಅಂದಳು.

ಮೊದಲು ಗಂಟೆ ಬಂತು. ಆಮೇಲೆ ಉಸಿರು. ಆಮೇಲೆ ನೆಲದ ಕೆಳಗಿಂದ, ಮೆಲ್ಲಗೆ, ದೊಡ್ಡದೊಂದು ಎದ್ದು ಬಂತು. ಅಂಗಾಲಿಗೆ ಬಂತು, ಹೊಟ್ಟೆಗೆ ಬಂತು. ಶಟರಿನ ತಗಡು ಸಣ್ಣಗೆ ಜುಂ ಅಂದಿತು. ಗಡಿಯಾರ ಇಲ್ಲದ ಮೊಳೆಯೂ ನಡುಗಿತು. ಪಕ್ಕದಲ್ಲಿ ಇಪ್ಪತ್ತು ಗ್ಲಾಸು ಒಮ್ಮೆಲೇ ಕಿಣಿಕಿಣಿ ಅಂದವು.

"ಆತ್ರಿ ಯವ್ವಾ, ಲಗ್ನ ಆತು!" ಅಂತ ಬಾಬುಸಾಬ ಕೂಗಿದ. ಕೂಗಿದವನು ಅಲ್ಲೇ ಕಣ್ಣು ಒರೆಸಿಕೊಂಡ.

ಕಾವೇರಿ ಎರಡೂ ಬಾಕ್ಸಿಗೆ ಅಂಗೈ ಆನಿಸಿಯೇ ಇದ್ದಳು. ಕಣ್ಣು ಮುಚ್ಚಿದ್ದಳು. ಹಾಡು ಏಳು ನಿಮಿಷ ಇತ್ತು. ಮುಗಿದ ಮೇಲೆ ಕೇದಾರ ಮೆಲ್ಲಗೆ ಕೇಳಿದ.

"ಹೆಂಗದರಿ ಕಾಕೂ?"

ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಹೊಟ್ಟಿ ತುಂಬೇತಿ" ಅಂದಳು. "ನಡಕ ಒಂದ ಕಡೆ ಗಂಟಿ ಬಾಳ ಬಾರಸೀದಿ. ಅಲ್ಲಿ ಸ್ವಲ್ಪ ಸುಮ್ಮ ಬಿಡು. ಕೇಳಾವರಿಗೆ ದಮ್ಮು ಬೇಕಲ್ಲ?"

ಕೇದಾರ ಅಲ್ಲೇ ಕೂತು ಗಂಟೆ ಕಡಿಮೆ ಮಾಡಿದ. ಮತ್ತೆ ಕೇಳಿದರು. ಅವಳು ಹೂಂ ಅಂದಳು. ಅವನು ಕಳಿಸಿದ.

"ಹಾಡಿಗೆ ಹೆಸರೇನ ಇಟ್ಟೀ?"

"ಹಗೇವು ಅಂತ ಇಟ್ಟೇನ್ರಿ."

ಅವಳಿಗೆ ಆಗ ನಗು ಬಂತು. ಎರಡು ತಿಂಗಳ ಮೇಲೆ ಬಂದ ನಗು. ಅದರ ಬೆನ್ನಿಗೇ ಅಳುವೂ ಬಂತು. ಮೂವರು ಗಂಡಸರು ಎದುರಿಗಿದ್ದರು. ಇರಲಿ ಎಂದು ಅತ್ತಳು.

ಸಿದ್ಧಾರೂಢ ಇನ್ನೂ ಬಾಗಿಲಲ್ಲಿದ್ದ. ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ. ಹಾಡು ಅವನ ಅಂಗಿಯ ಗುಂಡಿಗೂ ತಾಕಿತ್ತು.

"ಅಣ್ಣ ಮಾಡಿದಂಗ ಐತಿ ಅತ್ತಿಗಿ" ಅಂದ.

"ನಿಮ್ಮಣ್ಣ ಮಾಡಿದ್ರ ಉಲ್ಟಾ ಸುತ್ತತಿರ್ಲಿಲ್ಲ" ಅಂದಳು ಕಣ್ಣು ಒರೆಸಿಕೊಳ್ಳುತ್ತ. "ಸಿದ್ಧಾರೂಢ, ಕೀಲಿ ನನ್ನ ಹತ್ರನ ಇರಲಿ. ಸಿಟ್ಟಾಗಬ್ಯಾಡ. ನೀ ಕರದದ್ದು ದೊಡ್ಡದು. ನಾ ಮರ್ಯಂಗಿಲ್ಲ."

ಅವನು ಸ್ವಲ್ಪ ಹೊತ್ತು ಕಾಲಿನಿಂದ ಹೊಸ್ತಿಲು ಕೆರೆದ. ಮನಸ್ಸಿಗೆ ಹತ್ತಿತು ಎಂದು ಕಾಣುತ್ತಿತ್ತು. ಆಮೇಲೆ ತಲೆ ಎತ್ತಿ ನೋಡಿ, "ಬೋರ್ಡಿಗೆ ಬಣ್ಣಾ ಹೋಗೇತಿ. ಬಣ್ಣಾ ಹೊಡಸಿ ಕೊಡ್ತೇನಿ" ಅಂದ. ಮರುದಿನ ಸಂತೆಗೆ ಬಂದಾಗ ಹೊಡೆಸಿಯೂ ಕೊಟ್ಟ. ಅಣ್ಣನ ಹೆಸರು ಹಾಗೇ ಇಡಿಸಿದ.

ಕೆಲಸ ಬಂತೇ ಎಂದರೆ, ಮೊದಲಿನಷ್ಟು ಬರಲಿಲ್ಲ. ಹೆಂಗಸು ಕೋನು ಕೂಡಿಸುತ್ತಾಳೆಯೇ ಎಂದು ನೋಡಲು ಬಂದವರು ಕೆಲವರು. ನೋಡಿ, ಸ್ಪೀಕರು ಬಿಟ್ಟು ಹೋದವರು ಕೆಲವರು. ಹೊಟ್ಟೆಗೆ ಸಾಕು.

ಐದು ತಿಂಗಳ ಮೇಲೆ ಒಂದು ಶುಕ್ರವಾರ ಕೇದಾರ ಚೌಕದ ರಟ್ಟಿನ ಲಕೋಟೆ ತಂದ. ಒಳಗೆ ಕರೀ ತಟ್ಟೆ. ಮುನ್ನೂರೇ ಒತ್ತಿಸಿದ್ದರಂತೆ. ಅದರ ಹೊದಿಕೆಯ ಹಿಂದೆ ಪರದೇಶದ ಅಕ್ಷರಗಳ ಕೆಳಗೆ ಒಂದು ಸಾಲು ಕನ್ನಡ ಇತ್ತು. ಬ್ರೆಡ್ಡಿನ ಅಂಗಡಿಯ ಮೇಲಿನ ಆ ಇಬ್ಬರು, ಓದಲು ಬಾರದಿದ್ದರೂ, ಕೇದಾರ ಬರೆದುಕೊಟ್ಟದ್ದನ್ನು ಹಾಗೇ ಅಚ್ಚು ಹಾಕಿದ್ದರು. ಕಾವೇರಿ ಬೆರಳು ಇಟ್ಟು ಒಂದೊಂದೇ ಅಕ್ಷರ ಓದಿದಳು. ಬೆಂಗೇರಿಯ ಬೀರಲಿಂಗಪ್ಪ ಮತ್ತು ಕಾವೇರಿ ಅವರ ಬಾಕ್ಸಿನ ಮೇಲೆ ಕೇಳಿ ನೋಡಿದ್ದು.

ಗಂಡನ ಹೆಸರನ್ನು ಬಾಯಿಬಿಟ್ಟು ಓದಿದ್ದು ಮೊದಲ ಸಲ. ಓದಿ ಆದ ಮೇಲೆ ಗೊತ್ತಾಯಿತು. ನಾಲಿಗೆ ಕಚ್ಚಿಕೊಳ್ಳಲಿಲ್ಲ.

ತಟ್ಟೆ ಹಚ್ಚುವ ಯಂತ್ರ ಅವರ ಬಳಿ ಇಲ್ಲ. ಗಡಿಯಾರದ ಪಕ್ಕ ಇಟ್ಟಿದ್ದಾಳೆ. ನೋಡಿದಾಗೆಲ್ಲ, ತಾನು ಎಂದೂ ಕಾಣದ ಆ ಇಬ್ಬರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಾಳೆ. ಡಬ್ಬಿ ತೊಳೆದಿಟ್ಟ ಬಾಬುಸಾಬನಿಗೆ ಉಪಕಾರ ಆಯಿತು ಎಂದು ಎದುರಿಗೇ ಹೇಳಬೇಕೆಂದುಕೊಂಡು ಇನ್ನೂ ಹೇಳಿಲ್ಲ. ಹೇಳಿದರೆ ಅವನು ಚೇಷ್ಟೆ ಮಾಡುತ್ತಾನೆ.

ಈಗ ಅವಳು ತನ್ನ ಕಡೆಗೇ ಕೂಡುತ್ತಾಳೆ, ರಸ್ತೆಗೆ ಬೆನ್ನು ಮಾಡಿ. ಅತ್ತೆಯ ಷರತ್ತಿಗಲ್ಲ. ಕಾಯಿಲು ನೆಟ್ಟಗೆ ಸುತ್ತಬೇಕೆಂದರೆ ಅಲ್ಲೇ ಕೂಡಬೇಕು. ತಲೆ ಎತ್ತಿದರೆ ಎದುರಿಗೆ ಸ್ಟೂಲು ಖಾಲಿ ಕಾಣುತ್ತದೆ. ನೋಡುತ್ತಾಳೆ, ಮತ್ತೆ ಹಿಡಿಕೆ ನೂಕುತ್ತಾಳೆ. ಶುಕ್ರವಾರ ಐದಕ್ಕೆ ಕೇದಾರ ಬಂದು, ಹೊಸ ಹಾಡುಗಳನ್ನು ತಂದು, ಆ ಸ್ಟೂಲಿನ ಮೇಲೆ ಕೂಡುತ್ತಾನೆ.